ಕ್ರೂಸ್ ಕ್ಯಾಬಿನ್: ಯಾವ್ದು ತಗೊಳ್ಳೋದು, ಯಾವಾಗ ಬುಕ್ ಮಾಡೋದು

ಸಿಂಗಾಪುರದಿಂದ ಹೊರಡೋ ಮೂರು-ನಾಲ್ಕು ರಾತ್ರಿ ಕ್ರೂಸು ಈಗ ಬೆಂಗ್ಳೂರಿನವ್ರಿಗೆ ಹೊಸ್ದೇನಲ್ಲ, ಬೇಸಿಗೆ ರಜಾ ಮುಗಿಯೋಷ್ಟ್ರಲ್ಲಿ ಅಪಾರ್ಟ್‌ಮೆಂಟಲ್ಲಿ ಒಂದು ಮನೆಯವ್ರಾದ್ರೂ ಹೋಗಿ ಬಂದಿರ್ತಾರೆ. ಆದ್ರೆ ಬುಕ್ ಮಾಡೋಕೆ ಕೂತಾಗ ಎಲ್ರೂ ತಡವರಿಸೋದು ಒಂದೇ ಕಡೆ. ಇನ್‌ಸೈಡ್, ಓಷನ್ ವ್ಯೂ, ಬಾಲ್ಕನಿ, ಸೂಟ್ ಅಂತ ನಾಲ್ಕು ರೇಟು ಕಾಣುತ್ತೆ, ಯಾವ್ದು ತಗೊಳ್ಳೋದು, ಈಗ್ಲೇ ತಗೊಳ್ಳೋದಾ ಇಲ್ಲ ರೇಟ್ ಇಳೀಲಿ ಅಂತ ಕಾಯೋದಾ. ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ, ರೂಮು ಯಾವ ಥರದ್ದು ಅನ್ನೋದಕ್ಕಿಂತ ಅದು ಹಡಗಿನ ಯಾವ ಜಾಗದಲ್ಲಿದೆ ಅನ್ನೋದು ಮುಖ್ಯ, ಮತ್ತೆ ಯಾವಾಗ ಬುಕ್ ಮಾಡ್ಬೇಕು ಅನ್ನೋದನ್ನ ನಿಮ್ಮ ಜೊತೆ ಯಾರು ಬರ್ತಿದಾರೆ ಅನ್ನೋದೇ ತೀರ್ಮಾನ ಮಾಡುತ್ತೆ. ಗಂಡ-ಹೆಂಡ್ತಿ ಇಬ್ರೇ ಹೋಗೋದಕ್ಕೂ ಅಜ್ಜಿ-ತಾತ ಮಕ್ಕಳ ಸಮೇತ ಹೋಗೋದಕ್ಕೂ ಒಂದೇ ಸಲಹೆ ಕೊಡೋಕಾಗಲ್ಲ.

ಇನ್‌ಸೈಡ್ ರೂಮಿಂದ ಶುರು ಮಾಡೋಣ. ಕಿಟಕಿ ಇರಲ್ಲ, ಲೈಟ್ ಆರಿಸಿದ್ರೆ ಕಗ್ಗತ್ತಲೆ, ಬೆಳಗಾಗಿದ್ದೂ ಗೊತ್ತಾಗಲ್ಲ. ಮಾಮೂಲಿಯಾಗಿ 150-180 ಚದರಡಿ ಇರುತ್ತೆ, ಹಳೇ ಹಡಗುಗಳಲ್ಲಿ 120ರ ಆಸುಪಾಸು, ಅಂದ್ರೆ ನಮ್ಮ ಮನೆಗಳ ಹತ್ತು-ಹನ್ನೆರಡರ ರೂಮಿದೆಯಲ್ಲ ಅಷ್ಟೇ ಜಾಗದಲ್ಲಿ ಮಂಚ, ಬೀರು, ಬಾತ್‌ರೂಮು ಎಲ್ಲ ಸೇರಿಸಿದ ಹಾಗೆ. ಆದ್ರೂ ಮೂರು ರಾತ್ರಿ ಕ್ರೂಸಿಗೆ, ಅದ್ರಲ್ಲೂ ವಯಸ್ಸಿನ ಹುಡುಗ್ರು, ಫ್ರೆಂಡ್ಸ್ ಗುಂಪು, ಇಡೀ ದಿನ ಪೂಲು ಶೋ ಊಟ ಅಂತ ಹೊರಗಡೆನೇ ಇರೋರು, ಇವ್ರಿಗೆ ಇನ್‌ಸೈಡ್ ಸಾಕು, ಉಳಿದ ದುಡ್ಡಲ್ಲಿ ಸಿಂಗಾಪುರದಲ್ಲೇ ಇನ್ನೊಂದು ದಿನ ಇರ್ಬಹುದು. ರಾಯಲ್ ಕೆರಿಬಿಯನ್‌ನ ಸ್ಪೆಕ್ಟ್ರಮ್ ಆಫ್ ದಿ ಸೀಸ್ ಥರದ ಹಡಗುಗಳಲ್ಲಿ ಇನ್‌ಸೈಡ್ ರೂಮಿನ ಗೋಡೆಗೆ ಎತ್ತರದ ಸ್ಕ್ರೀನ್ ಹಾಕಿ ಹೊರಗಿನ ಸಮುದ್ರನ ಲೈವ್ ಆಗಿ ತೋರಿಸ್ತಾರೆ, ವರ್ಚುವಲ್ ಬಾಲ್ಕನಿ ಅಂತಾರೆ, ಕತ್ತಲೆ ಅಂದ್ರೆ ಉಸಿರು ಕಟ್ಟೋರಿಗೆ ಅದು ನಿಜವಾಗ್ಲೂ ಉಪಯೋಗ. ಅದಿಲ್ಲದ ಹಡಗಲ್ಲಿ ಟಿವಿಯಲ್ಲಿ ಹಡಗಿನ ಮುಂದಿನ ಕ್ಯಾಮೆರಾದ ಚಾನೆಲ್ ಇದ್ರೆ ಅದನ್ನ ಸೌಂಡ್ ಇಲ್ದೆ ಹಾಕಿಟ್ಟು ಮಲಗಿ, ಬೆಳಗಾಗ್ತಾ ಸ್ಕ್ರೀನೂ ಬೆಳ್ಳಗಾಗುತ್ತೆ, ಟೈಮ್ ತಿಳಿಯುತ್ತೆ.

ಓಷನ್ ವ್ಯೂ ಅಂದ್ರೆ ತೆರೆಯೋಕಾಗದ ಕಿಟಕಿ. ಇದು ನನ್ನ ಪ್ರಕಾರ ಎರಡು ಸಂದರ್ಭಕ್ಕೆ ಮಾತ್ರ ಸರಿ, ಒಂದು ಬೆಳಕು ಬೇಕು ಆದ್ರೆ ಬಾಲ್ಕನಿ ರೇಟು ಜಾಸ್ತಿ ಅನ್ಸೋರಿಗೆ, ಇನ್ನೊಂದು ವಾಂತಿ ತಲೆಸುತ್ತು ಬರೋರಿಗೆ, ಯಾಕಂದ್ರೆ ಇವು ಸಾಮಾನ್ಯವಾಗಿ ಕೆಳಗಿನ ಡೆಕ್‌ಗಳಲ್ಲಿ, ಅಂದ್ರೆ ಹಡಗಿನ ಕೆಳಗಿನ ಮಹಡಿಗಳಲ್ಲಿ ಇರುತ್ತೆ, ಕುಲುಕಾಟ ಕಮ್ಮಿ. ಬುಕ್ ಮಾಡುವಾಗ ಅಬ್‌ಸ್ಟ್ರಕ್ಟೆಡ್ ವ್ಯೂ ಅಂತ ಬರ್ದಿದ್ಯಾ ನೋಡ್ಕೊಳ್ಳಿ. ಅಂದ್ರೆ ಕಿಟಕಿ ಮುಂದೆ ಲೈಫ್‌ಬೋಟ್ ನೇತಾಡ್ತಿರುತ್ತೆ, ಸಮುದ್ರ ಕಾಣಲ್ಲ, ಬೆಳಕು ಬರುತ್ತೆ ಅಷ್ಟೆ. ರೇಟ್ ಕಮ್ಮಿ ಇದ್ದು ನಿಮಗೆ ಬೆಳಕು ಸಾಕು ಅಂದ್ರೆ ತಗೊಳ್ಳಿ, ಆದ್ರೆ ಗೊತ್ತಿದ್ದು ತಗೊಳ್ಳಿ.

ಬಾಲ್ಕನಿ ವಿಷ್ಯಕ್ಕೆ ಬಂದ್ರೆ ಜನ ಎರಡು ಪಕ್ಷ ಆಗ್ತಾರೆ. ಮೂರು ರಾತ್ರಿಗೆ ಬಾಲ್ಕನಿ ವೇಸ್ಟು ಅನ್ನೋರು ಒಂದು ಕಡೆ, ಬಾಲ್ಕನಿ ಇಲ್ದಿದ್ರೆ ಕ್ರೂಸೇ ಅಲ್ಲ ಅನ್ನೋರು ಇನ್ನೊಂದು ಕಡೆ. ನಾನು ಹೇಳೋದು, ರೂಟ್ ನೋಡಿ. ಸಿಂಗಾಪುರದಿಂದ ಪೋರ್ಟ್ ಕ್ಲಾಂಗ್, ಪೆನಾಂಗ್, ಫುಕೆಟ್ ಕಡೆ ಹೋಗೋ ಹಡಗು ಮಲಕ್ಕಾ ಜಲಸಂಧಿಯಲ್ಲಿ ಹೋಗುತ್ತೆ, ಒಂದು ಕಡೆ ಮಲೇಷಿಯಾ ಇನ್ನೊಂದು ಕಡೆ ಸುಮಾತ್ರ ಅಡ್ಡ ಇರೋದ್ರಿಂದ ನೀರು ಬಹುಪಾಲು ಶಾಂತ, ಮತ್ತೆ ಪ್ರಪಂಚದ ಅತಿ ಹೆಚ್ಚು ಹಡಗು ಓಡಾಡೋ ದಾರಿಗಳಲ್ಲಿ ಅದೂ ಒಂದು. ಬೆಳಗ್ಗೆ ಬೇಗ ಎದ್ದು ಬಾಲ್ಕನಿಯಲ್ಲಿ ಕೂತ್ರೆ ಕಂಟೈನರ್ ಹಡಗುಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗ್ತಿರುತ್ತೆ, ಟ್ಯಾಂಕರ್‌ಗಳು ಲೈಟ್ ಹಾಕ್ಕೊಂಡು ಲಂಗರು ಹಾಕಿ ನಿಂತಿರುತ್ತೆ, ನಮ್ಮ ಮಾವನೋರು ಕಾಫಿ ಹಿಡ್ಕೊಂಡು ಕೂತೋರು ತಿಂಡಿಗೆ ಕರೆದ್ರೂ ಏಳ್ಲಿಲ್ಲ. ಅಂಥವ್ರಿಗೆ ಬಾಲ್ಕನಿ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಅದೇ ಮುಂಬೈ-ಗೋವಾ ಥರದ ಚಿಕ್ಕ ಟ್ರಿಪ್ಪಲ್ಲಿ ಪ್ರಯಾಣದ ಬಹುಪಾಲು ಕತ್ತಲಲ್ಲೇ ಕಳೆಯುತ್ತೆ, ಅಲ್ಲಿ ಬಾಲ್ಕನಿಗೆ ದುಡ್ಡು ಹಾಕೋದು ನನಗಂತೂ ಒಪ್ಪಿಗೆ ಇಲ್ಲ.

ರೇಟಿನ ಲೆಕ್ಕಕ್ಕೆ ನಾನು ಇಟ್ಕೊಂಡಿರೋ ಅಳತೆ ಹೀಗಿದೆ. ಇನ್‌ಸೈಡಿಗಿಂತ ಬಾಲ್ಕನಿ ಕಾಲು ಭಾಗ, ಮೂರನೇ ಒಂದು ಭಾಗ ಜಾಸ್ತಿ ಇದ್ರೆ ಯೋಚ್ನೆ ಮಾಡ್ದೆ ಬಾಲ್ಕನಿ. ಒಂದೂವರೆ ಪಟ್ಟು ಇದ್ರೆ ಜೊತೆಗೆ ಹಿರಿಯರೋ ಕೈಗೂಸೋ ಇದ್ರೆ ಮಾತ್ರ, ಯಾಕಂದ್ರೆ ಅವ್ರು ರೂಮಲ್ಲಿ ಇರೋ ಹೊತ್ತು ಜಾಸ್ತಿ. ಎರಡು ಪಟ್ಟು ಆದ್ರೆ ನಾಲ್ಕು ಜನದ ಕುಟುಂಬ ಒಂದು ಬಾಲ್ಕನಿ ರೂಮಲ್ಲಿ ಒತ್ಕೊಂಡು ಇರೋ ಬದ್ಲು ಎರಡು ಇನ್‌ಸೈಡ್ ರೂಮಿನ ರೇಟು ಹಾಕಿ ನೋಡಿ, ಎಷ್ಟೋ ಸಲ ಹತ್ರ ಹತ್ರ ಬರುತ್ತೆ, ಎರಡು ಬಾತ್‌ರೂಮ್ ಸಿಗುತ್ತೆ. ಊಟಕ್ಕೆ ರೆಡಿ ಆಗೋ ಟೈಮಲ್ಲಿ ನಾಲ್ಕು ಜನಕ್ಕೆ ಒಂದೇ ಬಾತ್‌ರೂಮು ಅಂದ್ರೆ ಏನಾಗುತ್ತೆ ಅಂತ ಮನೆಯವ್ರಿಗೆ ಗೊತ್ತು. ಇನ್ನೊಂದು ವಿಷ್ಯ, ಮೂರನೇ ನಾಲ್ಕನೇ ಜನಕ್ಕೆ ರೇಟು ಸಾಮಾನ್ಯವಾಗಿ ಕಮ್ಮಿ ಹಾಕ್ತಾರೆ, ಆದ್ರೆ ಅವ್ರ ಹಾಸಿಗೆ ಸೋಫಾ ಬೆಡ್ಡು ಇಲ್ಲ ಸೀಲಿಂಗಿಂದ ಇಳಿಸೋ ಮೇಲಿನ ಬರ್ತು. ಮಕ್ಕಳು ಖುಷಿಯಾಗಿ ಹತ್ತಿ ಮಲಗ್ತಾರೆ, 65 ದಾಟಿದ ಅತ್ತೆಗೆ ಏಣಿ ಹತ್ತಿಸೋಕಾಗಲ್ಲ. ಬುಕ್ ಮಾಡುವಾಗ್ಲೇ ಹಾಸಿಗೆ ಯಾವ ಥರ ಅಂತ ಕೇಳಿ, ಹಿರಿಯರಿಗೆ ಎರಡು ಬೇರೆ ಬೇರೆ ಮಂಚ ಬೇಕಿದ್ರೆ ಟ್ವಿನ್ ಬೆಡ್ ಅಂತ ಬರೆಸಿ.

ಒಬ್ರೇ ಹೋಗೋರಿಗೆ ಇಲ್ಲಿ ಸ್ವಲ್ಪ ಅನ್ಯಾಯನೇ. ರೇಟು ಇಬ್ರ ಲೆಕ್ಕಕ್ಕೆ ಇರೋದ್ರಿಂದ ಒಬ್ರೇ ಇದ್ರೂ ಹೆಚ್ಚುಕಮ್ಮಿ ಇಬ್ರ ದುಡ್ಡು ಕಟ್ಟಿಸ್ಕೊಳ್ತಾರೆ. ನಾರ್ವೀಜಿಯನ್ ಕ್ರೂಸ್ ಲೈನ್ ಅನ್ನೋ ಕಂಪ್ನಿಯವ್ರು 2010ರಲ್ಲಿ ಎಪಿಕ್ ಹಡಗಲ್ಲಿ ಒಬ್ರಿಗೇ ಅಂತ ಸ್ಟುಡಿಯೋ ಕ್ಯಾಬಿನ್ ತಂದ್ರು, ಆಮೇಲೆ ಬೇರೆಯವ್ರೂ ಒಂದಷ್ಟು ಇಟ್ರು, ಆದ್ರೆ ನಮಗೆ ಹತ್ರ ಇರೋ ರೂಟ್‌ಗಳಲ್ಲಿ ಅಂಥವು ಅಪರೂಪ.

ಈಗ ಜಾಗದ ವಿಷ್ಯ, ಇದಕ್ಕೆ ಸ್ವಲ್ಪ ಹೊತ್ತು ಕೊಡಿ. ಕಂಪ್ನಿ ಸೈಟಲ್ಲಿ ಪ್ರತಿ ಹಡಗಿನ ಡೆಕ್ ಪ್ಲಾನ್ ಇರುತ್ತೆ. ನಿಮ್ಮ ರೂಮ್ ನಂಬರ್ ಹುಡುಕಿ, ಆಮೇಲೆ ಅದರ ಮೇಲಿನ ಡೆಕ್ಕಲ್ಲಿ ಅದೇ ಜಾಗದಲ್ಲಿ ಏನಿದೆ, ಕೆಳಗಿನ ಡೆಕ್ಕಲ್ಲಿ ಏನಿದೆ ನೋಡಿ. ಮೇಲೂ ಕೆಳಗೂ ರೂಮುಗಳೇ ಇದ್ರೆ ಕಣ್ಣು ಮುಚ್ಚಿ ತಗೊಳ್ಳಿ. ಮೇಲೆ ಪೂಲ್ ಡೆಕ್ ಇದ್ರೆ ಬೇಡ, ಬೆಳಗ್ಗೆ ಐದೂವರೆ-ಆರಕ್ಕೆ ಕೆಲಸದವ್ರು ಚೇರ್‌ಗಳನ್ನ ಎಳೆದು ಸಾಲಾಗಿ ಜೋಡಿಸೋಕೆ ಶುರು ಮಾಡ್ತಾರೆ, ಆ ಕರಕರ ಸದ್ದು ನೇರ ತಲೆ ಮೇಲೇ ಕೇಳುತ್ತೆ, ನಿಂತು ನಿಂತು ಬರುತ್ತೆ, ಇನ್ನೇನು ಮುಗೀತು ಅಂದ್ಕೊಂಡು ಮಗ್ಗುಲು ಬದಲಾಯಿಸಿದ್ರೆ ಇನ್ನೊಂದು ಚೇರು. ಕೆಳಗೆ ಥಿಯೇಟರ್, ಕ್ಲಬ್ ಇದ್ರೆ ರಾತ್ರಿ ಒಂದರ ತನಕ ಮ್ಯೂಸಿಕ್ಕಿನ ಧಬಧಬ ಸದ್ದು ಮಂಚಕ್ಕೇ ತಟ್ಟುತ್ತೆ. ಪ್ಲಾನಲ್ಲಿ ಏನೂ ಬರೀದೆ ಖಾಲಿ ಬಿಟ್ಟಿರೋ ಜಾಗ ಕಂಡ್ರೆ ಅನುಮಾನ ಪಡಿ, ಅದು ಅಡುಗೆಮನೆ ಇಲ್ಲ ಸ್ಟಾಫ್ ಓಡಾಡೋ ಜಾಗ ಆಗಿರ್ಬಹುದು, ಟ್ರಾಲಿ ಸದ್ದು ಹೊತ್ತಿಲ್ಲದ ಹೊತ್ತಲ್ಲಿ ಬರುತ್ತೆ. ತೀರಾ ಮುಂದೆ, ತೀರಾ ಕೆಳಗೆ ಇದ್ರೆ ಹಡಗು ಬಂದರು ಸೇರೋ ಬೆಳಗಿನ ಹೊತ್ತು ಲಂಗರು ಸರಪಳಿ, ಥ್ರಸ್ಟರ್ (ಹಡಗನ್ನ ಪಕ್ಕಕ್ಕೆ ಸರಿಸೋ ಯಂತ್ರ) ಸದ್ದು. ತೀರಾ ಹಿಂದೆ ಇಂಜಿನ್ ನಡುಕ, ಆದ್ರೆ ಹಿಂದಿನ ಬಾಲ್ಕನಿ ಮಾತ್ರ ಬೇರೆ ಲೆಕ್ಕ, ಹಡಗು ಬಿಟ್ಟು ಹೋಗೋ ನೊರೆಯ ದಾರಿ ಉದ್ದಕ್ಕೂ ಕಾಣುತ್ತೆ, ಕೆಲವು ಹಡಗಲ್ಲಿ ಬಾಲ್ಕನಿಯೂ ದೊಡ್ಡದು, ಅದಕ್ಕೇ ಬೇಗ ಖಾಲಿ ಆಗುತ್ತೆ.

ಕುಲುಕಾಟಕ್ಕೆ ಉತ್ತರ ಎಲ್ಲ ಹಡಗಲ್ಲೂ ಒಂದೇ, ಉದ್ದಕ್ಕೂ ನಡುಮಧ್ಯೆ, ಎತ್ತರದಲ್ಲಿ ಕೆಳಗೆ. ಆದ್ರೆ ಇದಕ್ಕೆ ಎಷ್ಟು ತಲೆ ಕೆಡಿಸ್ಕೋಬೇಕು ಅನ್ನೋದು ಸೀಸನ್ ಮೇಲಿದೆ. ಮಲಕ್ಕಾ ಕಡೆ ಆದ್ರೆ ಹೆಚ್ಚು ಬೇಡ. ಸಿಂಗಾಪುರದಿಂದ ವಿಯೆಟ್ನಾಂ ಕಡೆ ಹೋಗೋ ರೂಟು ನವೆಂಬರಿಂದ ಫೆಬ್ರವರಿ ತನಕ ಈಶಾನ್ಯ ಮಾನ್ಸೂನಲ್ಲಿ ಚೆನ್ನಾಗೇ ಅಲುಗಾಡುತ್ತೆ, ಫುಕೆಟ್ ಹತ್ರ ಮೇ ಇಂದ ಅಕ್ಟೋಬರ್ ಮಳೆಗಾಲ. ನಮ್ಮ ಅರಬ್ಬೀ ಸಮುದ್ರ ಜೂನಿಂದ ಸೆಪ್ಟೆಂಬರ್ ಹೇಗಿರುತ್ತೆ ಅಂತ ಕರಾವಳಿಯವ್ರಿಗೆ ಹೇಳ್ಬೇಕಾಗಿಲ್ಲ. ಅಂಥ ಟೈಮಲ್ಲಿ ಹೋಗ್ಲೇಬೇಕಾದ್ರೆ ಮೇಲಿನ ಬಾಲ್ಕನಿಗಿಂತ ಕೆಳಗಿನ ನಡುಮಧ್ಯದ ಕಿಟಕಿ ರೂಮೇ ಸುಖ, ಅವೊಮಿನ್ ಥರದ ವಾಂತಿ ತಡೆಯೋ ಮಾತ್ರೆ ಡಾಕ್ಟ್ರನ್ನ ಕೇಳಿ ಇಟ್ಕೊಳ್ಳಿ.

ಇಷ್ಟೆಲ್ಲ ನೋಡೋಕೆ ರೂಮ್ ನಂಬರ್ ನಿಮ್ಮ ಕೈಲಿರ್ಬೇಕಲ್ಲ, ಅಲ್ಲಿ ಬರುತ್ತೆ ಗ್ಯಾರಂಟಿ ಕ್ಯಾಬಿನ್ ಪ್ರಶ್ನೆ. ಗ್ಯಾರಂಟಿ ಅಂದ್ರೆ ನೀವು ದುಡ್ಡು ಕೊಟ್ಟ ದರ್ಜೆ ಅಥವಾ ಅದಕ್ಕಿಂತ ಮೇಲಿನದು ಸಿಗೋದು ಖಾತ್ರಿ, ಯಾವ ನಂಬರ್ ಅನ್ನೋದು ಅವ್ರಿಷ್ಟ, ಹೊರಡೋ ಮುಂಚೆ ಯಾವಾಗ್ಲೋ ಕೊಡ್ತಾರೆ. ರೇಟು ಕಮ್ಮಿ. ಅದೃಷ್ಟ ಇದ್ರೆ ಮೇಲಿನ ದರ್ಜೆ ಸಿಗುತ್ತೆ, ಇಲ್ಲಾಂದ್ರೆ ಯಾರಿಗೂ ಬೇಡದ ರೂಮು ಸಿಗುತ್ತೆ, ಎರಡೂ ಆಗೋದಿದೆ. ಇನ್‌ಸೈಡ್ ತಗೊಳ್ಳೋ ಇಬ್ರು ಹುಡುಗ್ರಿಗೆ ಗ್ಯಾರಂಟಿ ಒಳ್ಳೇದು, ಕಳ್ಕೊಳ್ಳೋದೇನಿಲ್ಲ. ಆದ್ರೆ ಎರಡು ಮೂರು ರೂಮು ತಗೊಳ್ಳೋ ಕುಟುಂಬಕ್ಕೆ ಖಂಡಿತ ಬೇಡ. ಅಪ್ಪ-ಅಮ್ಮನಿಗೆ ಆರನೇ ಡೆಕ್ ಮುಂದಿನ ತುದಿ, ನಿಮಗೆ ಹನ್ನೆರಡನೇ ಡೆಕ್ ಹಿಂದಿನ ತುದಿ ಬಂದ್ರೆ ಅವ್ರನ್ನ ಊಟಕ್ಕೆ ಕರ್ಕೊಂಡು ಹೋಗೋದ್ರಲ್ಲೇ ರಜಾ ಮುಗಿಯುತ್ತೆ. ದುಡ್ಡು ಕೊಟ್ಟು ನಂಬರ್ ಆರಿಸ್ಕೊಳ್ಳಿ, ಅಕ್ಕಪಕ್ಕ ಒಳಬಾಗಿಲು ಇರೋ ಕನೆಕ್ಟಿಂಗ್ ರೂಮು ಸಿಕ್ರೆ ಅದೇ ಮೊದಲ ಆಯ್ಕೆ, ಇಲ್ಲಾಂದ್ರೆ ಎದುರುಬದುರು, ಹಿರಿಯರಿಗೆ ಬಾಲ್ಕನಿ ಮಕ್ಕಳಿಗೆ ಎದುರಿನ ಇನ್‌ಸೈಡ್. ಬರೀ ಮಕ್ಕಳ ಹೆಸರಲ್ಲಿ ರೂಮು ಕೊಡೋಕೆ ಕಂಪ್ನಿಗಳು ತಕರಾರು ಮಾಡ್ತಾರೆ, ಒಂದೊಂದು ರೂಮಿಗೆ ಒಬ್ರಾದ್ರೂ ದೊಡ್ಡೋರ ಹೆಸರು ಹಾಕಿ ಬುಕ್ ಮಾಡೋದು ವಾಡಿಕೆ.

ಬುಕ್ ಆದ ಮೇಲೆ, ಇಷ್ಟು ದುಡ್ಡು ಕೊಡ್ತೀನಿ ಅಂತ ಬಿಡ್ ಹಾಕಿ ಮೇಲಿನ ದರ್ಜೆಗೆ ಅಪ್‌ಗ್ರೇಡ್ ಮಾಡ್ಕೊಳ್ಳಿ ಅಂತ ಕಂಪ್ನಿಯಿಂದ ಮೇಲ್ ಬರುತ್ತೆ. ಅದ್ರಲ್ಲಿ ತೋರಿಸೋ ಮೊತ್ತ ಸಾಮಾನ್ಯವಾಗಿ ಒಬ್ರಿಗೆ, ಇಬ್ರ ಲೆಕ್ಕ ಹಾಕಿದ್ರೆ ಡಬಲ್, ಮತ್ತೆ ಗೆದ್ರೆ ನೀವು ಹುಡುಕಿ ಹುಡುಕಿ ತಗೊಂಡಿದ್ದ ಜಾಗ ಹೋಗಿ ಅವ್ರು ಕೊಟ್ಟಲ್ಲಿಗೆ ಹೋಗ್ಬೇಕು. ಗ್ಯಾರಂಟಿ ತಗೊಂಡೋರು ಹಾಕ್ಲಿ, ಜಾಗ ಆರಿಸ್ಕೊಂಡೋರು ಬಿಟ್ಬಿಡಿ.

ಸರಿ, ಯಾವಾಗ ಬುಕ್ ಮಾಡೋದು. ದೊಡ್ಡ ಕಂಪ್ನಿಗಳು ವರ್ಷ ಮುಂಚೆನೇ, ಕೆಲವು ಎರಡು ವರ್ಷ ಮುಂಚೆ ಬುಕಿಂಗ್ ತೆರೀತಾರೆ. ಜನವರಿಯಿಂದ ಮಾರ್ಚ್ ತನಕ ವೇವ್ ಸೀಸನ್ ಅಂತ ಆಫರ್‌ಗಳ ಸುಗ್ಗಿ. ಬುಕ್ ಮಾಡುವಾಗ ಡೆಪಾಸಿಟ್ ಮಾತ್ರ, ಪೂರ್ತಿ ದುಡ್ಡು ಕಟ್ಟೋ ಕೊನೇ ದಿನ ಸಾಮಾನ್ಯವಾಗಿ ಹೊರಡೋದಕ್ಕೆ 75ರಿಂದ 90 ದಿನ ಮುಂಚೆ. ಈ ಕೊನೇ ದಿನವೇ ಇಡೀ ಆಟದ ಕೀಲಿ. ಡೆಪಾಸಿಟ್ ವಾಪಸ್ ಬರೋ ಥರದ್ದಾದ್ರೆ ಅದರ ತನಕ ರೇಟ್ ಇಳಿದ್ರೆ ಹೊಸ ರೇಟಿಗೆ ಬದಲಾಯಿಸಿ ಅಂತ ಕೇಳ್ಬಹುದು, ಬೇಡ ಅಂದ್ರೆ ಬಿಡ್ಬಹುದು. ನಾನ್-ರಿಫಂಡಬಲ್ ಡೆಪಾಸಿಟ್ ರೇಟು ಸ್ವಲ್ಪ ಕಮ್ಮಿ ಕಾಣುತ್ತೆ, ಮನೆಯಲ್ಲಿ ಪರೀಕ್ಷೆ, ಮದುವೆ, ಹಿರಿಯರ ಆರೋಗ್ಯ ಅಂತ ಏನಾದ್ರೂ ಅನುಮಾನ ಇದ್ರೆ ಆ ಕಡೆ ತಿರುಗಿ ನೋಡ್ಬೇಡಿ. ಆ ಕೊನೇ ದಿನ ಕಳೆದ ಮೇಲೆ ಬಿಟ್ಟವ್ರ ರೂಮುಗಳು ಮತ್ತೆ ಮಾರಾಟಕ್ಕೆ ಬರುತ್ತೆ, ಕಡೇ ಗಳಿಗೆಯ ಒಳ್ಳೇ ರೇಟ್‌ಗಳು ಹುಟ್ಟೋದು ಅಲ್ಲಿಂದ.

ಆದ್ರೆ ಕಾಯೋದು ಬೆಂಗ್ಳೂರಿಂದ ಹೊರಡೋರಿಗೆ ಅಷ್ಟು ಸರಿ ಹೋಗಲ್ಲ. ಸಿಂಗಾಪುರದವ್ರು ಟ್ಯಾಕ್ಸಿ ಹತ್ತಿ ಮರೀನಾ ಬೇ ಕ್ರೂಸ್ ಸೆಂಟರಿಗೆ ಬಂದುಬಿಡ್ತಾರೆ, ನಾವು ವಿಮಾನ ಹತ್ಬೇಕು, ಕ್ರೂಸಲ್ಲಿ ಉಳಿಸಿದ್ದು ಟಿಕೆಟ್ಟಲ್ಲಿ ಹೋಗುತ್ತೆ. ಏಪ್ರಿಲ್-ಮೇ ನಮ್ಮ ಬೇಸಿಗೆ ರಜಾ, ದಸರಾ ರಜಾ, ದೀಪಾವಳಿ, ಜೊತೆಗೆ ಅಲ್ಲಿನ ಸ್ಕೂಲ್ ರಜಾ ಇರೋ ಜೂನ್ ಮತ್ತೆ ಡಿಸೆಂಬರ್, ಚೀನೀ ಹೊಸ ವರ್ಷ, ಈ ಟೈಮಲ್ಲಿ ರೇಟ್ ಇಳಿಯುತ್ತೆ ಅಂತ ಕಾಯೋದು ಬೇಡ, ಎಂಟು-ಹತ್ತು ತಿಂಗಳು ಮುಂಚೆನೇ ತಗೊಳ್ಳಿ. ಇನ್ನೊಂದು ಕಾರಣ ಎಷ್ಟೋ ಜನಕ್ಕೆ ಗೊತ್ತಿರಲ್ಲ, ಲೈಫ್‌ಬೋಟ್ ಲೆಕ್ಕ. ಹಡಗಿನ ಒಂದೊಂದು ಭಾಗಕ್ಕೂ ಇಂತಿಷ್ಟೇ ಜನ ಅಂತ ಮಿತಿ ಇರುತ್ತೆ, ರಜಾ ಟೈಮಲ್ಲಿ ಮಕ್ಕಳ ಸಮೇತ ಕುಟುಂಬಗಳು ತುಂಬಿದಾಗ ರೂಮು ಖಾಲಿ ಇದ್ರೂ ಮೂರನೇ ನಾಲ್ಕನೇ ಜನನ ಸೇರಿಸೋಕೆ ಸಿಸ್ಟಮ್ ಬಿಡಲ್ಲ. ಇಬ್ರಿಗೆ ಸಿಗೋ ರೂಮು ನಾಲ್ವರಿಗೆ ಸಿಗದೇ ಇರೋದು ಇದಕ್ಕೇ. ಮಕ್ಕಳಿಲ್ಲದ ಇಬ್ರು, ರಜಾ ಹೊಂದಿಸ್ಕೊಳ್ಳೋಕಾಗೋರು, ವಾರದ ಮಧ್ಯೆ ಹೊರಡೋ ಹಡಗು ನೋಡಿ ಎರಡು ತಿಂಗಳು ಇರುವಾಗ ಹುಡುಕಿ, ನಿಮಗೆ ಕಾಯೋದ್ರಲ್ಲಿ ಲಾಭ ಇದೆ.

ಕಂಪ್ನಿ ಸೈಟಲ್ಲೇ ಬುಕ್ ಮಾಡೋದಾ ಏಜೆಂಟ್ ಹತ್ರನಾ? ಸೈಟಲ್ಲಿ ರೇಟ್ ಇಳಿದಾಗ ನೀವೇ ಮಾತಾಡ್ಬಹುದು, ನೀವೇ ರೂಮ್ ಬದಲಾಯಿಸ್ಬಹುದು, ಆದ್ರೆ ಬೆಲೆ ಡಾಲರಲ್ಲಿ, ಕಾರ್ಡಿನ ಫಾರೆಕ್ಸ್ ಮಾರ್ಕಪ್ಪು, ಅಂದ್ರೆ ಡಾಲರ್ ಖರ್ಚಿಗೆ ಬ್ಯಾಂಕ್ ಹಾಕೋ ಚಾರ್ಜು, 3.5% ತನಕ ಬೀಳುತ್ತೆ, ಅದರ ಮೇಲೆ ಜಿಎಸ್‌ಟಿ. ಏಜೆಂಟ್ ರೂಪಾಯಲ್ಲಿ ಕೊಡ್ತಾರೆ, ವೀಸಾ ವಿಮಾನ ಎಲ್ಲ ಸೇರಿಸಿ ಮಾಡಿಕೊಡ್ತಾರೆ, ಹಿರಿಯರಿದ್ರೆ ನೆಮ್ಮದಿ, ಆದ್ರೆ ಬುಕಿಂಗ್ ಅವ್ರ ಕೈಲಿರುತ್ತೆ, ಆಮೇಲೆ ಕಂಪ್ನಿಗೆ ಫೋನ್ ಮಾಡಿದ್ರೆ ನಿಮ್ಮ ಏಜೆಂಟನ್ನ ಕೇಳಿ ಅಂತಾರೆ. ಏಜೆಂಟ್ ಕೊಟ್ಟ ಕೊಟೇಶನಲ್ಲಿ ರೂಮ್ ನಂಬರ್ ಇದೆಯಾ ಗ್ಯಾರಂಟಿನಾ, ಪೋರ್ಟ್ ಟ್ಯಾಕ್ಸ್ ಸೇರಿದ್ಯಾ, ಗ್ರಾಚುಟಿ ಅಂದ್ರೆ ಟಿಪ್ಸು ಸೇರಿದ್ಯಾ, ಈ ಮೂರು ಬರವಣಿಗೆಯಲ್ಲಿ ತಗೊಳ್ಳಿ. ಅಮೆರಿಕದ ಕಂಪ್ನಿಗಳಲ್ಲಿ ಟಿಪ್ಸ್ ಒಬ್ರಿಗೆ ದಿನಕ್ಕೆ 16ರಿಂದ 20 ಡಾಲರ್ ಆಗುತ್ತೆ, ಮಕ್ಕಳಿಗೂ ಸೇರಿ, ನಾಲ್ಕು ಜನ ನಾಲ್ಕು ರಾತ್ರಿ ಅಂದ್ರೆ 256ರಿಂದ 320 ಡಾಲರ್. ಮೊದಲೇ ಲೆಕ್ಕದಲ್ಲಿ ಇಟ್ಕೊಳ್ದಿದ್ರೆ ಕಡೇ ದಿನ ಬಿಲ್ ನೋಡಿ ಬೇಜಾರಾಗುತ್ತೆ. ಫಾರಿನ್ ಟೂರ್ ಪ್ಯಾಕೇಜಾದ್ರೆ ಟಿಸಿಎಸ್ (ದುಡ್ಡು ಕಟ್ಟುವಾಗ್ಲೇ ವಸೂಲಿ ಮಾಡೋ ತೆರಿಗೆ) ಕೂಡ ಹಿಡೀತಾರೆ, ಅದನ್ನ ಐಟಿ ರಿಟರ್ನ್ಸಲ್ಲಿ ಹೊಂದಿಸ್ಕೋಬಹುದು, ಸರ್ಟಿಫಿಕೇಟ್ ಕೇಳಿ ಇಟ್ಕೊಳ್ಳಿ.

ನಮ್ಮವ್ರಿಗೆ ಹೆಸರಿನ ತೊಂದ್ರೆ ಬೇರೆ ಇದೆ. ಎಲ್ಲ ಕಡೆ ಇನಿಷಿಯಲ್, ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು ಊರ ಹೆಸರು ಬಿಡಿಸಿ ಬರ್ದಿರುತ್ತೆ, ಕೆಲವ್ರಿಗೆ ಸರ್‌ನೇಮ್ ಜಾಗ ಖಾಲಿ. ದುಡ್ಡು ಕಟ್ಟೋ ಮುಂಚೆ ಪಾಸ್‌ಪೋರ್ಟ್ ಎದುರಿಗೆ ಇಟ್ಕೊಂಡು ಅದ್ರಲ್ಲಿ ಇದ್ದ ಹಾಗೇ ಹಾಕಿ, ಸರ್‌ನೇಮ್ ಖಾಲಿ ಇದ್ರೆ ಏನು ಹಾಕೋದು ಅಂತ ಕೇಳಿ ಹಾಕಿ. ವೀಸಾ ಮಲ್ಟಿಪಲ್ ಎಂಟ್ರಿ ಇರ್ಬೇಕು, ಯಾಕಂದ್ರೆ ಹಡಗು ಮಲೇಷಿಯಾ ಥಾಯ್ಲೆಂಡ್ ಹೋಗಿ ವಾಪಸ್ ಬಂದಾಗ ಸಿಂಗಾಪುರಕ್ಕೆ ಮತ್ತೆ ಒಳಗೆ ಹೋಗ್ತೀರ. ಪಾಸ್‌ಪೋರ್ಟ್ ಆರು ತಿಂಗಳಾದ್ರೂ ಚಾಲ್ತಿಯಲ್ಲಿರ್ಬೇಕು. ಆರು ತಿಂಗಳೊಳಗಿನ ಕೂಸನ್ನ ಬಹುಪಾಲು ಹಡಗಲ್ಲಿ ಹತ್ತಿಸ್ಕೊಳ್ಳಲ್ಲ, 24ನೇ ವಾರಕ್ಕೆ ಕಾಲಿಟ್ಟ ಗರ್ಭಿಣಿಯರನ್ನೂ ಅಷ್ಟೇ. ಇದನ್ನ ವರ್ಷ ಮುಂಚೆ ಬುಕ್ ಮಾಡೋ ಹೊಸ ದಂಪತಿಗಳು ನೆನಪಲ್ಲಿಡಿ.

ವಿಮಾನ ಬೇಡ, ಇಲ್ಲೇ ಸಾಕು ಅನ್ನೋರಿಗೆ ಎರಡು ದಾರಿ. ಮುಂಬೈಯಿಂದ ಕಾರ್ಡೆಲಿಯಾ ಅನ್ನೋ ಕ್ರೂಸ್ ಕಂಪ್ನಿಯ ಎಂಪ್ರೆಸ್ ಹಡಗು 2021ರ ಸೆಪ್ಟೆಂಬರಿಂದ ಗೋವಾ, ಕೊಚ್ಚಿ, ಲಕ್ಷದ್ವೀಪ ಅಂತ ಓಡ್ತಿದೆ. ಅದು 1990ರಲ್ಲಿ ಶುರುವಾದ ಹಡಗು, ಆವಾಗಿನ ಅಳತೆಗೆ ರೂಮುಗಳು ಚಿಕ್ಕವು, ಬಾಲ್ಕನಿ ಇರೋವು ತುಂಬಾ ಕಮ್ಮಿ, ಹಾಗಾಗಿ ಅಲ್ಲಿ ಆಯ್ಕೆ ಇನ್‌ಸೈಡಾ ಕಿಟಕಿನಾ ಅನ್ನೋದೇ, ಗೋವಾಕ್ಕೆ ಇನ್‌ಸೈಡ್ ಸಾಕು, ಲಕ್ಷದ್ವೀಪಕ್ಕೆ ಕಿಟಕಿ ತಗೊಳ್ಳಿ. ಜೈನ್ ಊಟನೂ ಸಿಗೋದ್ರಿಂದ ಈರುಳ್ಳಿ-ಬೆಳ್ಳುಳ್ಳಿ ಬಿಟ್ಟ ಹಿರಿಯರನ್ನ ಕರ್ಕೊಂಡು ಹೋಗೋರಿಗೆ ಅನುಕೂಲ. ಇನ್ನೊಂದು ಕೊಚ್ಚಿಯಿಂದ ಲಕ್ಷದ್ವೀಪ ಆಡಳಿತದ ಎಂವಿ ಕವರತ್ತಿ ಹಡಗಿನ ಸಮುದ್ರಂ ಪ್ಯಾಕೇಜು, ಐದು ದಿನ, ಹಗಲು ದ್ವೀಪ ರಾತ್ರಿ ಹಡಗು. ಅಲ್ಲಿ ಡೈಮಂಡ್ ಕ್ಲಾಸ್ ಇಬ್ಬರ ಕ್ಯಾಬಿನ್, ಗೋಲ್ಡ್ ನಾಲ್ಕು ಬರ್ತಿನದು. ನಾಲ್ಕು ಜನದ ಮನೆಯಾದ್ರೆ ಗೋಲ್ಡ್ ನಿಮಗೇ ಹೇಳಿ ಮಾಡಿಸಿದ ಹಾಗಿದೆ, ಇಬ್ರೇ ಆದ್ರೆ ಡೈಮಂಡಿಗೆ ಜಾಸ್ತಿ ಕೊಡೋದು ಸರಿ. ಕ್ರೂಸ್ ಲೈನಿನ ವೈಭವ ಅಲ್ಲಿ ಹುಡುಕ್ಬೇಡಿ, ಆದ್ರೆ ಲಗೂನಿನ ನೀರು ಅದಕ್ಕೆಲ್ಲ ಸಮ. ಎರಡರಲ್ಲೂ ದ್ವೀಪದ ಹತ್ರ ಹಡಗು ದೂರದಲ್ಲೇ ನಿಂತು ಚಿಕ್ಕ ದೋಣಿಗೆ ಇಳಿಸ್ತಾರೆ, ಅಲೆ ಜೊತೆ ಮೇಲೆ ಕೆಳಗೆ ಆಡೋ ದೋಣಿಗೆ ಹೆಜ್ಜೆ ಇಡ್ಬೇಕು, ಮಂಡಿ ನೋವಿರೋ ಹಿರಿಯರಿದ್ರೆ ಕ್ಯಾಬಿನ್ ಯಾವ್ದು ಅಂತ ಯೋಚಿಸೋ ಮುಂಚೆ ಇದನ್ನ ಯೋಚ್ನೆ ಮಾಡಿ, ಅಂಥವ್ರಿಗೆ ನೇರ ಬಂದರಿಗೇ ಹಡಗು ತಾಗೋ ಪೆನಾಂಗ್, ಪೋರ್ಟ್ ಕ್ಲಾಂಗ್ ರೂಟೇ ವಾಸಿ. ಸಿಂಗಾಪುರಕ್ಕೆ ಹೋಗೋದಾದ್ರೆ ಹಡಗು ಹೊರಡೋ ದಿನ ಬೆಳಗ್ಗೆ ಇಳಿಯೋ ವಿಮಾನ ತಗೋಬೇಡಿ, ಹಿಂದಿನ ದಿನವೇ ಸೇರ್ಕೊಳ್ಳಿ, ವಿಮಾನ ತಡ ಆಯ್ತು ಅಂತ ಹಡಗು ಕಾಯಲ್ಲ, ಕಟ್ಟಿದ ದುಡ್ಡೂ ವಾಪಸ್ ಬರಲ್ಲ.